ಮೌನದ ಸಾಕ್ಷ್ಯ: ಅತಿಥಿನಕ್ಷತ್ರಗಳ ಚರಿತ್ರೆಯ ಒಂದು ವಿಮರ್ಶೆ

೧

ಖಭೌತವಿಜ್ಞಾನದ ವಿಚಾರಗೋಷ್ಠಿಗಳಲ್ಲಿ ಎಳೆಯ ನಕ್ಷತ್ರಗಳ ಜನನವೂ ಸೂಪರ್‌ನೋವಾ ಅವಶೇಷಗಳ ವಿಸ್ತರಣೆಯೂ ಅಕ್ಕಪಕ್ಕದಲ್ಲಿಯೇ ಚರ್ಚಿತವಾಗುವ ವಿಷಯಗಳು. ಒಂದು ನಕ್ಷತ್ರವು ಸಿಡಿದು ಚೆಲ್ಲಿದ ದ್ರವ್ಯವು ಮುಂದಿನ ನಕ್ಷತ್ರಗಳು ಹುಟ್ಟುವ ಮೋಡಗಳಲ್ಲಿ ಬೆರೆಯುವುದರಿಂದ ಈ ಸಾಮೀಪ್ಯವು ಸಹಜವೇ ಆಗಿದೆ. ಇಂಥ ಗೋಷ್ಠಿಗಳ ಪ್ರಬಂಧಗಳನ್ನು ಚರಿತ್ರೆಯ ವಿದ್ಯಾರ್ಥಿಯು ಓದತೊಡಗಿದರೆ ಅವುಗಳ ಗಣಿತಭಾಗವು ಅವನಿಗೆ ದುರ್ಗಮವಾಗಿ ತೋರಬಹುದು. ಆದರೆ ಒಂದು ಅಂಶವು ಮಾತ್ರ ಅವನ ಲಕ್ಷ್ಯವನ್ನು ಸೆಳೆಯದೆ ಇರದು. ಅವಶೇಷಗಳಲ್ಲಿ ಕೆಲವಕ್ಕೆ ಇಸವಿಯೇ ಹೆಸರಾಗಿದೆ: ೧೦೦೬, ೧೦೫೪, ೧೧೮೧, ೧೫೭೨, ೧೬೦೪. ಈ ಇಸವಿಗಳು ಇಂದಿನ ದೂರದರ್ಶಕಗಳಿಂದ ದೊರೆತವಲ್ಲ. ಅರಮನೆಯ ದಫ್ತರಗಳಿಂದ, ದಿನಚರಿಗಳಿಂದ, ಮಠಗಳ ವೃತ್ತಾಂತಗಳಿಂದ, ಅಂದಿನ ವೀಕ್ಷಕರ ಬರವಣಿಗೆಗಳಿಂದ ದೊರೆತವು. ಎಂದರೆ, ಭೌತವಿಜ್ಞಾನಿಯು ತನ್ನ ಲೆಕ್ಕದ ಮೊದಲ ಸಾಲಿನಲ್ಲಿಯೇ ಚರಿತ್ರಕಾರನ ಸಾಕ್ಷ್ಯವನ್ನು ಇಟ್ಟುಕೊಂಡಿದ್ದಾನೆ. ಆ ಸಾಕ್ಷ್ಯವನ್ನು ಯಾರು ಪರೀಕ್ಷಿಸಿದರು, ಹೇಗೆ ಪರೀಕ್ಷಿಸಿದರು ಎಂಬ ಪ್ರಶ್ನೆಯು ನಮ್ಮ ವಿಭಾಗದ ಪ್ರಶ್ನೆಯೂ ಹೌದು.

ಈ ಕ್ಷೇತ್ರಕ್ಕೆ ಎರಡು ಗ್ರಂಥಗಳು ಆಧಾರಸ್ತಂಭಗಳಂತಿವೆ. ಡೇವಿಡ್ ಕ್ಲಾರ್ಕ್ ಮತ್ತು ರಿಚರ್ಡ್ ಸ್ಟೀಫನ್‌ಸನ್ ಅವರು ೧೯೭೭ರಲ್ಲಿ ಪ್ರಕಟಿಸಿದ 'ಐತಿಹಾಸಿಕ ಸೂಪರ್‌ನೋವಾಗಳು' ಎಂಬುದು ಮೊದಲನೆಯದು. ಸ್ಟೀಫನ್‌ಸನ್ ಅವರೇ ಡೇವಿಡ್ ಗ್ರೀನ್ ಅವರೊಡಗೂಡಿ ೨೦೦೨ರಲ್ಲಿ ಆಕ್ಸ್‌ಫರ್ಡಿನಿಂದ ಹೊರತಂದ 'ಐತಿಹಾಸಿಕ ಸೂಪರ್‌ನೋವಾಗಳು ಮತ್ತು ಅವುಗಳ ಅವಶೇಷಗಳು' ಎಂಬುದು ಎರಡನೆಯದು. ಚೀನ, ಜಪಾನ್, ಕೊರಿಯ, ಅರಬ್ ದೇಶಗಳು ಹಾಗೂ ಯುರೋಪು, ಇಷ್ಟು ಕಡೆಗಳ ಆಕರಗಳನ್ನು ಒಂದೆಡೆಗೆ ತಂದು, ಧೂಮಕೇತುವನ್ನು ಹೊಸ ನಕ್ಷತ್ರದಿಂದ ಬೇರ್ಪಡಿಸಿ, ತಿಥಿಮಾಸಗಳನ್ನು ಇಂದಿನ ಕಾಲಗಣನೆಗೆ ಹೊಂದಿಸಿ ಓದುಗರ ಮುಂದಿಟ್ಟ ಶ್ರಮವು ಸಾಮಾನ್ಯವಾದುದಲ್ಲ. ಈ ಗ್ರಂಥಗಳ ಋಣವನ್ನು ಮನಸಾರೆ ಒಪ್ಪಿಕೊಂಡೇ ನಾವು ಮುಂದಿನ ಆಕ್ಷೇಪವನ್ನು ಎತ್ತುತ್ತಿದ್ದೇವೆ.

ಆಕ್ಷೇಪವು ಇಷ್ಟೇ. ಅತಿಥಿನಕ್ಷತ್ರಗಳ ಚರಿತ್ರೆಯಲ್ಲಿ ಅನೇಕ ನಿರ್ಣಯಗಳು ಕಂಡುದರ ಬಲದಿಂದಲ್ಲ, ಕಾಣದುದರ ಬಲದಿಂದ ನಿಂತಿವೆ. 'ಅಲ್ಲಿ ಬೇರೆ ಅವಶೇಷವಿಲ್ಲ, ಆದುದರಿಂದ ಇದೇ ಸರಿ' ಎಂಬುದು ಒಂದು ಬಗೆ. 'ಯಾರೂ ಬರೆದಿಲ್ಲ, ಆದುದರಿಂದ ಯಾರೂ ಕಂಡಿಲ್ಲ' ಎಂಬುದು ಇನ್ನೊಂದು ಬಗೆ. ಮೌನದಿಂದ ಹೊರಡುವ ಈ ವಾದವು ಚರಿತ್ರಕಾರರಿಗೆ ಹಳೆಯ ಪರಿಚಯದ್ದು. ಅದರ ಅಪಾಯವನ್ನು ನಾವು ನಮ್ಮ ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಬೋಧಿಸುತ್ತೇವೆ. ಅದೇ ಅಪಾಯವು ದೂರದರ್ಶಕದ ವೇಷವನ್ನು ತೊಟ್ಟು ಬಂದಾಗ ಗುರುತಿಸುವುದು ಕಷ್ಟವಾಗುತ್ತದೆ.

೨

ಮೊದಲು ಅತ್ಯಂತ ಪ್ರಸಿದ್ಧವಾದ ೧೦೫೪ರ ಪ್ರಸಂಗವನ್ನು ತೆಗೆದುಕೊಳ್ಳೋಣ. ಆ ವರ್ಷದ ಜುಲೈ ೪ರಂದು ಸುಂಗ್ ವಂಶದ ಚೀನದಲ್ಲಿ 'ತಿಯಾನ್‌ಗ್ವಾನ್' ಎಂಬ ನಕ್ಷತ್ರದ ಬಳಿ ಒಂದು 'ಅತಿಥಿನಕ್ಷತ್ರ' ಕಾಣಿಸಿತು. ಅದು ಇಪ್ಪತ್ತಮೂರು ದಿನಗಳವರೆಗೆ ಹಗಲಿನಲ್ಲಿಯೂ ಶುಕ್ರಗ್ರಹದಂತೆ ಗೋಚರಿಸಿತೆಂದೂ, ೧೦೫೬ರ ಏಪ್ರಿಲ್ ತಿಂಗಳಿನಲ್ಲಿ ಕಣ್ಮರೆಯಾಯಿತೆಂದೂ ದಾಖಲೆಗಳಿಂದ ತಿಳಿದುಬರುತ್ತದೆ. ತಿಯಾನ್‌ಗ್ವಾನ್ ಎಂಬುದು ವೃಷಭರಾಶಿಯ ಒಂದು ಕೊಂಬಿನ ತುದಿಯಲ್ಲಿರುವ ನಕ್ಷತ್ರ. ಅದರ ಸಮೀಪದಲ್ಲಿಯೇ, ಸುಮಾರು ಒಂದು ಡಿಗ್ರಿಯ ಅಂತರದಲ್ಲಿ, ಇಂದು ಏಡಿ ನೀಹಾರಿಕೆಯು ದೂರದರ್ಶಕಕ್ಕೆ ಕಾಣುತ್ತದೆ. ೧೭೩೧ರಲ್ಲಿ ಜಾನ್ ಬೆವಿಸ್ ಅದನ್ನು ಮೊದಲು ಗುರುತಿಸಿದರು. ೧೭೫೮ರಲ್ಲಿ ಅದನ್ನು ಸ್ವತಂತ್ರವಾಗಿ ಕಂಡ ಮೆಸಿಯೆ ಅವರು ತಮ್ಮ ಪಟ್ಟಿಯ ಪ್ರಥಮ ಸ್ಥಾನವನ್ನು ಅದಕ್ಕೆ ಕೊಟ್ಟರು.

ಆದರೆ ದಾಖಲೆಗಳನ್ನು ಸಮೀಪದಿಂದ ನೋಡಿದರೆ ತೊಡಕುಗಳು ತಲೆಯೆತ್ತುತ್ತವೆ. 'ಸುಂಗ್ ಶಿ' ಎಂಬ ವಂಶಚರಿತ್ರೆಯು ಸಂಕಲಿತವಾದುದು ೧೩೪೩–೪೫ರಲ್ಲಿ, ಮುಂದಿನ ಯುವಾನ್ ವಂಶದ ಕಾಲದಲ್ಲಿ; ಘಟನೆಗೂ ಗ್ರಂಥಕ್ಕೂ ಸುಮಾರು ಮೂರು ಶತಮಾನಗಳ ಅಂತರವಿದೆ. ಹಗಲಿನ ಗೋಚರತೆಯನ್ನು ಹೇಳುವ 'ಸುಂಗ್ ಹ್ವೇಯಾವೊ' ಎಂಬ ಆಡಳಿತಸಂಗ್ರಹವು ಮೂಲರೂಪದಲ್ಲಿ ಉಳಿದಿಲ್ಲ. ಮಿಂಗ್ ಕಾಲದ ಒಂದು ಮಹಾಕೋಶದೊಳಗೆ ಸೇರಿದ್ದ ಭಾಗಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಆಯ್ದು ಪುನಃ ಜೋಡಿಸಲಾಯಿತು. ಅದರಲ್ಲಿ ಉಕ್ತನಾಗಿರುವ ಆಸ್ಥಾನದ ಖಗೋಳಾಧಿಕಾರಿ ಯಾಂಗ್ ವೇಯ್‌ಡೆಯು ಆಗಸ್ಟ್ ತಿಂಗಳಿನಲ್ಲಿ ಚಕ್ರವರ್ತಿಗೆ ಅರಿಕೆ ಮಾಡಿಕೊಂಡುದರ ತಾತ್ಪರ್ಯವು ಖಗೋಳಸಂಬಂಧಿಯಾಗಿರುವುದಕ್ಕಿಂತ ರಾಜಸ್ತುತಿಗೇ ಹತ್ತಿರವಾಗಿದೆ. ನಕ್ಷತ್ರವು ಒಂದು ಮನೆಯನ್ನು ಅತಿಕ್ರಮಿಸಲಿಲ್ಲ, ಆದುದರಿಂದ ರಾಜ್ಯದಲ್ಲಿ ಮಹಾಜ್ಞಾನಿಯಿದ್ದಾನೆ, ಇದನ್ನು ಚರಿತ್ರೆಯ ಕಾರ್ಯಾಲಯಕ್ಕೆ ಕಳುಹಿಸಿ ದಾಖಲಿಸಬೇಕು ಎಂಬುದೇ ಅವನ ಬಿನ್ನಹದ ಸಾರ. ಇದರಿಂದ ವೀಕ್ಷಣೆಯೇ ಸುಳ್ಳೆಂದು ನಾವು ಹೇಳುವುದಿಲ್ಲ. ಯಾವ ಆಕರವೂ ನಮಗಾಗಿ ಬರೆದುದಲ್ಲ, ತನ್ನ ಕಾಲದ ಅಗತ್ಯಕ್ಕಾಗಿ ಬರೆದುದು ಎಂಬ ಸಾಮಾನ್ಯ ತತ್ತ್ವವು ಇಲ್ಲಿಯೂ ಅನ್ವಯಿಸುತ್ತದೆ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಮುಖ್ಯವಾದ ತೊಡಕು ದಿಕ್ಕಿನದು. ಅತಿಥಿನಕ್ಷತ್ರವು ತಿಯಾನ್‌ಗ್ವಾನದ ಆಗ್ನೇಯಕ್ಕೆ ಕಾಣಿಸಿತೆಂದು 'ಸುಂಗ್ ಶಿ' ಹೇಳುತ್ತದೆ. ಏಡಿ ನೀಹಾರಿಕೆಯು ಇರುವುದಾದರೋ ಅದರ ವಾಯವ್ಯದಲ್ಲಿ, ಎಂದರೆ ನೇರ ವಿರುದ್ಧ ದಿಕ್ಕಿನಲ್ಲಿ. ೧೯೭೨ರಲ್ಲಿ ಹೋ ಪೆಂಗ್ ಯೋಕ್ ಮತ್ತು ಅವರ ಸಹೋದ್ಯೋಗಿಗಳು ಇದೇ ಕಾರಣದಿಂದ ಏಡಿ ನೀಹಾರಿಕೆಯ ಗುರುತಿಸುವಿಕೆಯನ್ನೇ ಶಂಕಿಸಿದರು. ಜಪಾನಿನ ಆಕರದಲ್ಲಿಯೂ ಇಂಥದೇ ತೊಡಕಿದೆ. ಕವಿ ಫುಜಿವಾರ ನೊ ಟೈಕನು ೧೨೩೦ರಲ್ಲಿ ಒಂದು ಹೊಸ ಆಕಾಶವಸ್ತುವನ್ನು ಕಂಡು, ಹಿಂದಿನ ಅತಿಥಿನಕ್ಷತ್ರಗಳ ಪಟ್ಟಿಯನ್ನು ತನ್ನ 'ಮೇಗೆತ್ಸುಕಿ' ಎಂಬ ದಿನಚರಿಯಲ್ಲಿ ಸೇರಿಸಿದನು. ೧೦೫೪ರ ನಕ್ಷತ್ರವು ನಾಲ್ಕನೆಯ ತಿಂಗಳಿನ ನಡುವಿನ ಹತ್ತು ದಿನಗಳ ತರುವಾಯ ಕಂಡಿತೆಂದು ಅದರಲ್ಲಿ ಬರೆದಿದೆ. ಇದು ಮೇ ತಿಂಗಳ ಕೊನೆಗೆ ಬೀಳುತ್ತದೆ. ಆಗ ಸೂರ್ಯನೇ ಆಕಾಶದ ಆ ಭಾಗದಲ್ಲಿದ್ದುದರಿಂದ ರಾತ್ರಿಯಲ್ಲಿ ಅಲ್ಲಿ ಏನೂ ಕಾಣಲಾರದು. ಆದುದರಿಂದ ವಿದ್ವಾಂಸರು 'ನಾಲ್ಕು' ಎಂಬುದನ್ನು 'ಐದು' ಎಂದು ತಿದ್ದುತ್ತಾರೆ. ಬಾಗ್ದಾದಿನ ವೈದ್ಯ ಇಬ್ನ್ ಬುತ್ಲಾನನ ಹೇಳಿಕೆಯು ಹದಿಮೂರನೆಯ ಶತಮಾನದ ಒಂದು ವೈದ್ಯಚರಿತ್ರೆಯಲ್ಲಿ ಉದ್ಧೃತವಾಗಿ ಉಳಿದಿದೆ. ಅದರಲ್ಲಿ ನಕ್ಷತ್ರವು ಕಂಡುದು ಮಿಥುನದಲ್ಲಿ. ರಾಶಿವಿಭಾಗವನ್ನೂ ನಕ್ಷತ್ರಪುಂಜವನ್ನೂ ಬೇರೆಬೇರೆಯಾಗಿ ಎಣಿಸಿದರೆ ಮಾತ್ರ ಅದು ವೃಷಭಕ್ಕೆ ಹೊಂದುತ್ತದೆ.

ಹೀಗೆ ಮೂರು ಸಾಕ್ಷಿಗಳಿಗೂ ಒಂದಲ್ಲ ಒಂದು ತಿದ್ದುಪಡಿ ಅಥವಾ ವ್ಯಾಖ್ಯಾನ ಬೇಕಾಗಿದೆ. ತಿದ್ದುಪಡಿಯು ತಪ್ಪಲ್ಲ, ಶಾಸನಪಾಠಗಳಲ್ಲಿ ನಾವೂ ಲಿಪಿಕಾರನ ಪ್ರಮಾದವನ್ನು ತಿದ್ದುತ್ತೇವೆ. ಆದರೆ 'ಆಗ್ನೇಯ'ವನ್ನು 'ವಾಯವ್ಯ'ವೆಂದು ತಿದ್ದುವುದಕ್ಕೆ ಕೊಡುವ ಕಾರಣವು ಏಡಿ ನೀಹಾರಿಕೆಯು ವಾಯವ್ಯದಲ್ಲಿದೆ ಎಂಬುದಾದರೆ, ಅನಂತರ ಅದೇ ದಾಖಲೆಯು ಏಡಿ ನೀಹಾರಿಕೆಯನ್ನು ಸಮರ್ಥಿಸುತ್ತದೆ ಎಂದು ಹೇಳುವ ಅಧಿಕಾರವು ನಮಗೆ ಉಳಿಯುವುದಿಲ್ಲ. ಆಗ್ನೇಯ ದಿಕ್ಕಿನಲ್ಲಿ ಹೊಂದುವ ಅವಶೇಷವೊಂದೂ ಇಲ್ಲವೆಂಬ ಸಮಾಧಾನವನ್ನು ಕೊಡುವುದುಂಟು. ಅದು ಮತ್ತೆ ಮೌನದ ವಾದವೇ ಆಯಿತು.

೩

ಹಾಗಾದರೆ ೧೦೫೪ರ ಗುರುತಿಸುವಿಕೆಯನ್ನು ಕೈಬಿಡಬೇಕೆ? ಬಿಡಬೇಕಾಗಿಲ್ಲವೆಂಬುದೇ ನಮ್ಮ ನಿರ್ಣಯ. ಆದರೆ ಅದರ ಕಾರಣವನ್ನು ಸರಿಯಾಗಿ ತಿಳಿಯಬೇಕು.

೧೯೨೧ರಲ್ಲಿ ನಡೆದ ಮೂರು ಕೆಲಸಗಳನ್ನು ಇಲ್ಲಿ ನೆನೆಯಬೇಕು. ಲ್ಯಾಂಪ್‌ಲೆಂಡ್ ಅವರು ಏಡಿ ನೀಹಾರಿಕೆಯ ಛಾಯಾಚಿತ್ರಗಳಲ್ಲಿ ಬದಲಾವಣೆಗಳನ್ನು ಕಂಡರು. ಜಾನ್ ಡಂಕನ್ ಅವರು ಅದು ಹಿಗ್ಗುತ್ತಿರುವುದನ್ನು ಅಳೆದರು. ನುಟ್ ಲುಂಡ್‌ಮಾರ್ಕ್ ಅವರು ಹಳೆಯ ದಾಖಲೆಗಳಿಂದ ಹೊಸನಕ್ಷತ್ರಗಳ ಪಟ್ಟಿಯೊಂದನ್ನು ತಯಾರಿಸಿ, ೧೦೫೪ರ ನಕ್ಷತ್ರವು ಈ ನೀಹಾರಿಕೆಗೆ ಸಮೀಪವಾಗಿತ್ತೆಂಬುದನ್ನು ಗಮನಿಸಿದರು. ಹಿಗ್ಗುವ ವೇಗದಿಂದ ಹಿಂದಕ್ಕೆ ಎಣಿಸಿದರೆ ಸುಮಾರು ಒಂಬೈನೂರು ವರ್ಷಗಳಾಗುತ್ತವೆ ಎಂದು ೧೯೨೮ರಲ್ಲಿ ಎಡ್ವಿನ್ ಹಬಲ್ ಅವರು ಸೂಚಿಸಿ, ಅದನ್ನು ೧೦೫೪ಕ್ಕೆ ಹೊಂದಿಸಿದರು. ೧೯೪೨ರಲ್ಲಿ ಲೈಡನ್ನಿನ ಚೀನೀವಿದ್ವಾಂಸ ಡೈವೆಂಡಾಕ್ ಅವರು ಪೌರ್ವಾತ್ಯ ಪಾಠಗಳನ್ನು ಅನುವಾದಿಸಿ ಪರಿಶೀಲಿಸಿದರು. ಅದರ ಜತೆಯಲ್ಲಿಯೇ ನಿಕೋಲಸ್ ಮೇಯಲ್ ಮತ್ತು ಯಾನ್ ಊರ್ಟ್ ಅವರು ಖಗೋಳದ ವಿಚಾರಣೆಯನ್ನು ಪ್ರಕಟಿಸಿದರು. ಭಾಷಾವಿದ್ವಾಂಸನೂ ಖಗೋಳಜ್ಞರೂ ಒಂದೇ ಪ್ರಶ್ನೆಗೆ ತಮ್ಮ ತಮ್ಮ ಶಾಸ್ತ್ರದ ಮರ್ಯಾದೆಯೊಳಗೆ ನಿಂತು ಉತ್ತರಿಸಿದ ಈ ಜೋಡಿ ಲೇಖನಗಳು ಇಂದಿಗೂ ಮಾದರಿಯಾಗಿವೆ.

ಇಲ್ಲಿ ವರ್ತುಲವು ಒಡೆಯುವ ಬಗೆಯನ್ನು ಗಮನಿಸಬೇಕು. ನೀಹಾರಿಕೆಯ ಹಿಗ್ಗುವಿಕೆಯು ಚೀನದ ದಾಖಲೆಯನ್ನು ಅರಿಯದು. ಚೀನದ ದಾಖಲೆಯು ನೀಹಾರಿಕೆಯನ್ನು ಅರಿಯದು. ಪರಸ್ಪರ ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಶತಮಾನವನ್ನು ಹೇಳಿದಾಗ ಆ ಸಾಕ್ಷ್ಯಕ್ಕೆ ಬಲ ಬರುತ್ತದೆ. ಇಷ್ಟೇ ಅಲ್ಲ, ಅವರ ನಡುವಣ ಸಣ್ಣ ಭೇದವೂ ಫಲಪ್ರದವಾಯಿತು. ೧೯೬೮ರಲ್ಲಿ ವರ್ಜಿನಿಯಾ ಟ್ರಿಂಬಲ್ ಅವರು ತಂತುಗಳ ಚಲನೆಯನ್ನು ಸೂಕ್ಷ್ಮವಾಗಿ ಅಳೆದು ಹಿಂದಕ್ಕೆ ಎಣಿಸಿದಾಗ ದೊರೆತ ವರ್ಷವು ೧೦೫೪ ಅಲ್ಲ, ಸುಮಾರು ೧೧೪೦. ದಾಖಲೆಯು ನಂಬಲರ್ಹವಾಗಿದ್ದರೆ ತಂತುಗಳು ಮೊದಲಿಗಿಂತ ಈಗ ಹೆಚ್ಚು ವೇಗದಿಂದ ಓಡುತ್ತಿವೆ ಎಂದಾಯಿತು. ಅವುಗಳನ್ನು ಒಳಗಿನಿಂದ ಯಾವುದೋ ಶಕ್ತಿಯು ನೂಕುತ್ತಿರಬೇಕು. ಅದೇ ವರ್ಷ ನೀಹಾರಿಕೆಯ ಮಧ್ಯದಲ್ಲಿ ಸೆಕೆಂಡಿಗೆ ಸುಮಾರು ಮೂವತ್ತು ಬಾರಿ ಮಿಡಿಯುವ ಪಲ್ಸಾರ್ ಪತ್ತೆಯಾಯಿತು. ನೂಕುವ ಶಕ್ತಿಯ ಮೂಲವು ಅದೇ ಎಂಬುದು ಇಂದು ಒಪ್ಪಿತವಾದ ಮಾತು. ಸುಮಾರು ೬,೫೦೦ ಜ್ಯೋತಿರ್ವರ್ಷಗಳ ದೂರದಲ್ಲಿ ನಡೆಯುತ್ತಿರುವ ಕ್ರಿಯೆಯೊಂದನ್ನು ತಿಳಿಯುವುದಕ್ಕೆ ಹನ್ನೊಂದನೆಯ ಶತಮಾನದ ಒಬ್ಬ ಗುಮಾಸ್ತನ ತಾರೀಖು ಅಳತೆಗೋಲಾಯಿತು. ದಾಖಲೆಯನ್ನು ಕೇವಲ ಹೆಸರುಪಟ್ಟಿಯಂತೆ ಬಳಸಿದ್ದರೆ ಈ ಲಾಭವು ದೊರೆಯುತ್ತಿರಲಿಲ್ಲ.

೪

೧೦೫೪ರಲ್ಲಿ ಸ್ವತಂತ್ರಸಾಕ್ಷ್ಯವಿತ್ತು. ಅದು ಇಲ್ಲದಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ೧೧೮೧ರ ನಕ್ಷತ್ರವು ಉದಾಹರಣೆ. ಈ ಪ್ರಸಂಗದಲ್ಲಿ ದಾಖಲೆಗಳು ಇನ್ನೂ ಉತ್ತಮವಾಗಿವೆ. ದಕ್ಷಿಣದ ಸುಂಗ್ ರಾಜ್ಯವೂ ಉತ್ತರದ ಜಿನ್ ರಾಜ್ಯವೂ ಪರಸ್ಪರ ವೈರಿಗಳು. ಇಬ್ಬರ ವೀಕ್ಷಕರೂ ಆ ನಕ್ಷತ್ರವನ್ನು ಬೇರೆಬೇರೆಯಾಗಿ ಬರೆದಿಟ್ಟಿದ್ದಾರೆ. ಸುಂಗ್ ದಾಖಲೆಯಂತೆ ಅದು ೧೮೫ ದಿನ ಕಂಡಿತು. ಜಿನ್ ದಾಖಲೆಯಂತೆ ೧೫೬ ದಿನ. ಜಪಾನಿನಲ್ಲಿಯೂ ಹಲವು ಬರವಣಿಗೆಗಳು ಉಳಿದಿವೆ. ಎಲ್ಲವೂ ಕ್ಯಾಸಿಯೋಪಿಯ ಪುಂಜದ ಕಡೆಗೆ ಬೆರಳು ತೋರುತ್ತವೆ.

೧೯೭೧ರಲ್ಲಿ ಸ್ಟೀಫನ್‌ಸನ್ ಅವರು ಈ ನಕ್ಷತ್ರದ ಅವಶೇಷವು ೩ಸಿ ೫೮ ಎಂಬ ರೇಡಿಯೋ ಆಕರವೆಂದು ಸೂಚಿಸಿದರು. ಮೇಲೆ ಹೇಳಿದ ಎರಡು ಗ್ರಂಥಗಳೂ ಅದನ್ನೇ ಸಮರ್ಥಿಸಿದವು. ವಿಚಾರಗೋಷ್ಠಿಗಳಲ್ಲಿ '೧೧೮೧' ಎಂಬುದೇ ೩ಸಿ ೫೮ಕ್ಕೆ ಪರ್ಯಾಯನಾಮವಾಯಿತು. ಆದರೆ ಅವಶೇಷವು ಆಕ್ಷೇಪವನ್ನು ಎತ್ತುತ್ತಲೇ ಇದ್ದಿತು. ಅದು ಹಿಗ್ಗುವ ವೇಗವು ತೀರ ಮಂದವಾಗಿದ್ದು, ಎಂಟುನೂರು ವರ್ಷಗಳಿಗೆ ಬದಲಾಗಿ ಕೆಲವು ಸಾವಿರ ವರ್ಷಗಳನ್ನು ಸೂಚಿಸುತ್ತಿದ್ದಿತು. ೨೦೦೨ರಲ್ಲಿ ವರದಿಯಾದ ಅದರ ಪಲ್ಸಾರ್ ಮಿಡಿತವು ನಿಧಾನವಾಗುವ ಕ್ರಮದಿಂದ ಎಣಿಸಿದ ವಯಸ್ಸೂ ಸುಮಾರು ೫,೪೦೦ ವರ್ಷಗಳು. ಇಂಥ ವಯೋಗಣನೆಗೆ ತನ್ನದೇ ಆದ ಅನಿಶ್ಚಯಗಳುಂಟು. ಆದರೂ ಎರಡು ಸ್ವತಂತ್ರ ಅಳತೆಗಳು ಒಂದೇ ಕಡೆಗೆ ವಾಲುತ್ತಿದ್ದುವು. ಹೀಗಿದ್ದೂ ಗುರುತಿಸುವಿಕೆಯು ನಿಂತುದು ಯಾವುದರ ಮೇಲೆ? ಆ ಪ್ರದೇಶದಲ್ಲಿ ಬೇರೆ ಯೋಗ್ಯ ಅವಶೇಷವಿಲ್ಲ ಎಂಬ ಒಂದೇ ಮಾತಿನ ಮೇಲೆ.

೨೦೧೩ರಲ್ಲಿ ಡೇನಾ ಪ್ಯಾಚಿಕ್ ಎಂಬ ಹವ್ಯಾಸಿ ಸಂಶೋಧಕರು ಅವಕೆಂಪು ಚಿತ್ರಗಳಲ್ಲಿ ಅದೇ ಪ್ರದೇಶದ ಒಂದು ಮಂದವಾದ ನೀಹಾರಿಕೆಯನ್ನು ಕಂಡುಹಿಡಿದರು. ಅದಕ್ಕೆ ಪಿಎ ೩೦ ಎಂದು ಹೆಸರಾಯಿತು. ಅದರ ನಡುವಿನ ನಕ್ಷತ್ರದಿಂದ ಸೆಕೆಂಡಿಗೆ ಸುಮಾರು ೧೬,೦೦೦ ಕಿಲೋಮೀಟರ್ ವೇಗದ ಮಾರುತವು ಹೊಮ್ಮುತ್ತಿರುವುದು ೨೦೧೯ರಲ್ಲಿ ತಿಳಿದುಬಂದಿತು. ೨೦೨೧ರಲ್ಲಿ ರಿಟ್ಟರ್, ಪಾರ್ಕರ್ ಮೊದಲಾದವರು ೧೧೮೧ರ ಅತಿಥಿನಕ್ಷತ್ರದ ಅವಶೇಷವು ಇದೇ ಎಂಬ ವಾದವನ್ನು ಮಂಡಿಸಿದರು. ೨೦೨೪ರಲ್ಲಿ ಪ್ರಕಟವಾದ ಅಳತೆಯಂತೆ ಅದರ ತಂತುಗಳನ್ನು ಹಿಂದಕ್ಕೆ ಓಡಿಸಿದರೆ ಸಿಡಿತದ ಕಾಲವು ೧೧೫೨ರ ಸುಮಾರಿಗೆ, ಎಪ್ಪತ್ತೈದು ವರ್ಷಗಳಷ್ಟು ಹೆಚ್ಚುಕಡಮೆಯೊಡನೆ, ಬರುತ್ತದೆ. ೧೧೮೧ ಎಂಬುದು ಈ ಅಂತರದೊಳಗೆ ಸಲೀಸಾಗಿ ಕೂಡುತ್ತದೆ.

ದಾಖಲೆಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾದುದು ಆಕಾಶದ ಮೌನ. ಅವಶೇಷವಿಲ್ಲವೆಂದು ಹೇಳುವುದಕ್ಕೂ ನಮ್ಮ ಉಪಕರಣಕ್ಕೆ ಅದು ಈವರೆಗೆ ಕಂಡಿಲ್ಲವೆಂದು ಹೇಳುವುದಕ್ಕೂ ಇರುವ ಭೇದವನ್ನು ಎರಡು ಗ್ರಂಥಗಳೂ ಸಾಕಷ್ಟು ಗೌರವಿಸಲಿಲ್ಲ ಎಂದು ನಮಗೆ ತೋರುತ್ತದೆ. ೨೦೦೨ರಲ್ಲಿ ಪಿಎ ೩೦ ಯಾರಿಗೂ ತಿಳಿದಿರಲಿಲ್ಲವೆಂಬುದು ನಿಜ. ಅದಕ್ಕಾಗಿ ಗ್ರಂಥಕರ್ತರನ್ನು ದೂಷಿಸುವುದು ನ್ಯಾಯವಲ್ಲ. ಆದರೆ ೩ಸಿ ೫೮ರ ವಯಸ್ಸಿನ ಬಗೆಗೆ ಆಕ್ಷೇಪಗಳು ಆಗಲೇ ಇದ್ದುವು. ಆಗ ಹೇಳಬಹುದಾಗಿದ್ದ ಮಾತು 'ದಾಖಲೆಯು ದೃಢವಾಗಿದೆ, ಅವಶೇಷವು ಅನಿಶ್ಚಿತವಾಗಿದೆ' ಎಂಬುದು. ಆ ಮಾತನ್ನು ಹೇಳಿದ್ದರೆ ದಾಖಲೆಯ ಗೌರವಕ್ಕೆ ಕುಂದೇನೂ ಬರುತ್ತಿರಲಿಲ್ಲ.

ಕ್ರಿ. ಶ. ೩೮೬ರ ಅತಿಥಿನಕ್ಷತ್ರದ ಕಥೆಯು ಇದರ ಮತ್ತೊಂದು ಮುಖ. ಧನುರಾಶಿಯ ಕಡೆಯ ಆ ನಕ್ಷತ್ರಕ್ಕೆ ಜಿ ೧೧.೨–೦.೩ ಎಂಬ ಅವಶೇಷವನ್ನು ಬಹುಕಾಲ ಜೋಡಿಸಲಾಗಿದ್ದಿತು. ಅವಶೇಷದ ವಯಸ್ಸೂ ಸ್ಥೂಲವಾಗಿ ಹೊಂದುತ್ತಿದ್ದಿತು. ಆದರೆ ನಮಗೂ ಅದಕ್ಕೂ ನಡುವೆ ಇರುವ ಧೂಳು ಎಷ್ಟು ದಟ್ಟವಾಗಿದೆಯೆಂದರೆ, ಅಲ್ಲಿ ಸಿಡಿದ ನಕ್ಷತ್ರವು ಬರಿಗಣ್ಣಿಗೆ ಕಂಡಿರಲಾರದೆಂದು ೨೦೧೬ರಲ್ಲಿ ಕ್ಷ-ಕಿರಣ ವೀಕ್ಷಣೆಗಳಿಂದ ಸಿದ್ಧವಾಯಿತು. ಸ್ಥಾನವೂ ಕಾಲವೂ ಹೊಂದಿದ ಮಾತ್ರಕ್ಕೆ ಸಾಕ್ಷಿಯು ಸಾಕ್ಷಿಯಾಗುವುದಿಲ್ಲ. ಅವನು ಅದನ್ನು ನೋಡಬಲ್ಲವನಾಗಿದ್ದನೆ ಎಂಬುದನ್ನೂ ಕೇಳಬೇಕು.

೫

ಈಗ ದಾಖಲೆಗಳ ಮೌನಕ್ಕೆ ಬರೋಣ. ೧೦೫೪ರ ನಕ್ಷತ್ರವನ್ನು ಯುರೋಪು ಏಕೆ ಬರೆದಿಡಲಿಲ್ಲ ಎಂಬುದು ಹಳೆಯ ಪ್ರಶ್ನೆ. ಮೋಡವೆಂದು ಹೇಳಿ ಮುಗಿಸುವಂತಿಲ್ಲ. ಇಪ್ಪತ್ತೊಂದು ತಿಂಗಳ ಕಾಲ ಒಂದು ಖಂಡದ ಮೇಲೆಲ್ಲ ಮೋಡ ಕವಿದಿರುವುದಿಲ್ಲ. ವೀಕ್ಷಣೆಯೇ ಇರಲಿಲ್ಲವೆಂದೂ ಹೇಳುವಂತಿಲ್ಲ; ೧೦೦೬ರ ನಕ್ಷತ್ರವನ್ನು ಸಾಂಕ್ಟ್ ಗಾಲೆನ್ ಮಠದ ವೃತ್ತಾಂತವು ದಾಖಲಿಸಿದೆ. ಈ ಮೌನವು ಅಸಹನೀಯವಾಗಿ ತೋರಿದುದರಿಂದಲೇ ಇರಬೇಕು, ೧೯೯೯ರಲ್ಲಿ ಕಾಲಿನ್ಸ್, ಕ್ಲಾಸ್ಪಿ ಮತ್ತು ಮಾರ್ಟಿನ್ ಅವರು ಕೆಲವು ಯುರೋಪೀಯ ವೃತ್ತಾಂತಗಳ ಅಸ್ಪಷ್ಟ ವಾಕ್ಯಗಳನ್ನು ಒಟ್ಟುಗೂಡಿಸಿ, ನಕ್ಷತ್ರವು ಏಪ್ರಿಲ್‌ನಲ್ಲಿಯೇ ಕಂಡಿತೆಂದು ವಾದಿಸಿದರು. ೨೦೦೩ರಲ್ಲಿ ಸ್ಟೀಫನ್‌ಸನ್ ಮತ್ತು ಗ್ರೀನ್ ಅವರು ಆ ವಾಕ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ ಈ ವಾದವನ್ನು ತಳ್ಳಿಹಾಕಿದರು. ಇಲ್ಲಿ ಅವರ ಆಕರವಿಮರ್ಶೆಯು ಶ್ಲಾಘ್ಯವಾಗಿದೆ. ಮೌನವನ್ನು ತುಂಬುವುದಕ್ಕಾಗಿ ದುರ್ಬಲ ಸಾಕ್ಷಿಯನ್ನು ಕರೆತರುವುದಕ್ಕಿಂತ ಮೌನವನ್ನು ಮೌನವಾಗಿಯೇ ಬಿಡುವುದು ಲೇಸು.

ಮೌನವು ಎಷ್ಟು ಕಡಮೆ ಹೇಳುತ್ತದೆ ಎಂಬುದಕ್ಕೆ ಇನ್ನೂ ಬಲವಾದ ನಿದರ್ಶನಗಳಿವೆ. ಕ್ಯಾಸಿಯೋಪಿಯ–ಎ ಎಂಬ ಅವಶೇಷದ ತುಣುಕುಗಳನ್ನು ಹಿಂದಕ್ಕೆ ಎಣಿಸಿದರೆ ೧೬೭೦ರ ದಶಕದ ಆಸುಪಾಸು ಬರುತ್ತದೆ. ಅಂದು ಯುರೋಪಿನಲ್ಲಿ ದೂರದರ್ಶಕಗಳಿದ್ದುವು, ಪ್ಯಾರಿಸ್ ಮತ್ತು ಗ್ರೀನಿಚ್ ವೀಕ್ಷಣಾಲಯಗಳಿದ್ದುವು. ಆದರೂ ಹೊಸ ನಕ್ಷತ್ರವೆಂದು ಬರೆದವರಿಲ್ಲ. ೧೬೮೦ರ ಆಗಸ್ಟ್ ೧೬ರಂದು ಫ್ಲ್ಯಾಮ್‌ಸ್ಟೀಡ್ ಗುರುತುಹಾಕಿದ ಒಂದು ಮಂದನಕ್ಷತ್ರವು ಅದೇ ಆಗಿರಬಹುದೆಂದು ೧೯೮೦ರಲ್ಲಿ ವಿಲಿಯಂ ಆಶ್‌ವರ್ತ್ ಅವರು ಸೂಚಿಸಿದರು. ಸ್ಥಾನವು ಸರಿಯಾಗಿ ಹೊಂದದಿರುವುದರಿಂದ ಅದು ಇಂದಿಗೂ ವಿವಾದಾಸ್ಪದ. ಇನ್ನು ಜಿ ೧.೯+೦.೩ ಎಂಬ ಅವಶೇಷವು ನೂರು ನೂರೈವತ್ತು ವರ್ಷಗಳಷ್ಟೇ ವಯಸ್ಸಿನದೆಂದು ೨೦೦೮ರಲ್ಲಿ ಪ್ರಕಟವಾಯಿತು. ಅದನ್ನು ತೋರಿಸಿಕೊಟ್ಟವರಲ್ಲಿ ಡೇವಿಡ್ ಗ್ರೀನ್ ಅವರೂ ಒಬ್ಬರು. ಛಾಯಾಚಿತ್ರಗಳೂ ವೀಕ್ಷಣಾಲಯಗಳೂ ಭೂಮಂಡಲದಲ್ಲೆಲ್ಲ ಹರಡಿಕೊಳ್ಳುತ್ತಿದ್ದ ಕಾಲದಲ್ಲಿ ಅದರ ಬೆಳಕು ನಮ್ಮನ್ನು ಮುಟ್ಟಬೇಕಾಗಿದ್ದಿತು. ಆಕಾಶಗಂಗೆಯ ಕೇಂದ್ರದ ಕಡೆಯ ಧೂಳು ಅದನ್ನು ಪೂರ್ತಿಯಾಗಿ ಮರೆಮಾಡಿತು, ಯಾರೂ ಕಾಣಲಿಲ್ಲ. ಅಷ್ಟು ಸಜ್ಜಾದ ಕಾಲವೇ ಮೌನವಾಗಿರುವಲ್ಲಿ, ಹನ್ನೊಂದನೆಯ ಶತಮಾನದ ಮೌನವನ್ನು ನಿರಾಕರಣೆಯೆಂದು ಓದುವುದು ಹೇಗೆ?

೬

ನಮ್ಮ ನಾಡಿನ ಮಾತು ಇಲ್ಲಿ ಸಹಜವಾಗಿಯೇ ಬರುತ್ತದೆ. ೧೦೫೪ರ ನಕ್ಷತ್ರದ ಭಾರತೀಯ ದಾಖಲೆಯೆಂದು ವಿದ್ವಾಂಸರೆಲ್ಲರೂ ಒಪ್ಪಿದ ಪಾಠವೊಂದೂ ಇಲ್ಲ. ಇದನ್ನು ಕೇಳಿದ ವಿದ್ಯಾರ್ಥಿಗಳು 'ನಮ್ಮವರು ಆಕಾಶವನ್ನು ನೋಡುತ್ತಿರಲಿಲ್ಲವೆ?' ಎಂದು ಕೇಳುವುದುಂಟು. ಈ ಪ್ರಶ್ನೆಗೆ ಎರಡು ತಪ್ಪು ಉತ್ತರಗಳಿವೆ: ನೋಡುತ್ತಿರಲಿಲ್ಲವೆಂಬುದು ಒಂದು, ಎಲ್ಲಿಯೋ ಬರೆದಿರಲೇಬೇಕೆಂದು ಸಿಕ್ಕಿದ ಚಿತ್ರಕ್ಕೆಲ್ಲ ಅರ್ಥವನ್ನು ಹಚ್ಚುವುದು ಇನ್ನೊಂದು.

ಅತಿಥಿನಕ್ಷತ್ರವು ಕಂಡ ಕಾಲವು ಕನ್ನಡನಾಡಿನಲ್ಲಿ ಶಕವರ್ಷ ೯೭೬, ಜಯ ಸಂವತ್ಸರ. ಕಲ್ಯಾಣದ ಚಾಲುಕ್ಯ ಆಹವಮಲ್ಲ ಒಂದನೆಯ ಸೋಮೇಶ್ವರನು ಆಳುತ್ತಿದ್ದನು. ಅದಕ್ಕೆ ಐದು ವರ್ಷಗಳ ಹಿಂದೆ, ೧೦೪೯ರಲ್ಲಿ, ಶ್ರೀಧರಾಚಾರ್ಯನು 'ಜಾತಕತಿಲಕ'ವನ್ನು ಕನ್ನಡದಲ್ಲಿ ರಚಿಸಿದ್ದನು. ಜ್ಯೋತಿಷದ ವ್ಯಾಸಂಗವು ಇಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದಿತು. ಈ ಅರಸನ ಕಾಲದ ಶಾಸನಗಳು ವಿಪುಲವಾಗಿವೆ. ಅವುಗಳಲ್ಲಿ ಸೂರ್ಯಗ್ರಹಣ, ಸೋಮಗ್ರಹಣ, ಉತ್ತರಾಯಣ ಸಂಕ್ರಮಣ, ವ್ಯತೀಪಾತಗಳು ಉಕ್ತವಾಗುತ್ತವೆ. ಏಕೆ? ಅವು ದಾನಕ್ಕೆ ಪ್ರಶಸ್ತವಾದ ಕಾಲಗಳು. ಶಾಸನದ ಉದ್ದೇಶವು ದಾನವನ್ನು ಸ್ಥಿರಪಡಿಸುವುದು. ಆಕಾಶವು ಅಲ್ಲಿ ಪ್ರವೇಶಿಸುವುದು ಪುಣ್ಯಕಾಲದ ಬಾಗಿಲಿನಿಂದ ಮಾತ್ರ. ಹೊಸ ನಕ್ಷತ್ರಕ್ಕೆ ಆ ಬಾಗಿಲಿರಲಿಲ್ಲ. ಅದು ಪಂಚಾಂಗದಲ್ಲಿ ಮೊದಲೇ ಗಣಿತವಾದುದಲ್ಲ; ಅದನ್ನು ನೆಪಮಾಡಿ ಭೂಮಿಯನ್ನು ಧಾರೆಯೆರೆಯುವ ವಿಧಿಯೂ ಇಲ್ಲ. ಆಷಾಢದ ಮಳೆಮೋಡಗಳು ಮೊದಲ ವಾರಗಳನ್ನು ಮರೆಮಾಡಿರಬಹುದು. ಆದರೆ ಕಾರ್ತಿಕದ ತಿಳಿಯಾಗಸದಲ್ಲಿ ರಾತ್ರಿಯ ಹೊತ್ತು ಅದು ಕಾಣದಿರಲು ಕಾರಣವಿಲ್ಲ. ಆದುದರಿಂದ ಶಾಸನಗಳ ಮೌನವು ಜನರು ಕಾಣಲಿಲ್ಲವೆಂಬುದನ್ನು ಹೇಳುವುದಿಲ್ಲ. ಶಾಸನವೆಂಬ ಪ್ರಕಾರವು ಏನನ್ನು ಬರೆಯುತ್ತಿದ್ದಿತು, ಏನನ್ನು ಬರೆಯುತ್ತಿರಲಿಲ್ಲ ಎಂಬುದನ್ನಷ್ಟೇ ಹೇಳುತ್ತದೆ.

ಹುಡುಕುವುದಾದರೆ ಬೇರೆ ಕಡೆ ಹುಡುಕಬೇಕು. ವರಾಹಮಿಹಿರನ 'ಬೃಹತ್ಸಂಹಿತೆ'ಯಲ್ಲಿ ಕೇತುಗಳಿಗೂ ಉತ್ಪಾತಗಳಿಗೂ ಪ್ರತ್ಯೇಕ ಅಧ್ಯಾಯಗಳಿವೆ. ಹನ್ನೆರಡನೆಯ ಶತಮಾನದ ವಂಗದೇಶದಲ್ಲಿ ಬಲ್ಲಾಳಸೇನನು 'ಅದ್ಭುತಸಾಗರ'ವೆಂಬ ಶಕುನಸಂಗ್ರಹವನ್ನೇ ಆರಂಭಿಸಿದನು. ಅನಿರೀಕ್ಷಿತವಾದ ಆಕಾಶವಿಕಾರಕ್ಕೆ ಸ್ಥಾನವಿದ್ದುದು ಇಂಥ ಸಂಹಿತಾಪರಂಪರೆಯಲ್ಲಿ. ಶಾಸನಗಳಲ್ಲಿ ದೊರೆಯುವ ಗ್ರಹಣಾದಿ ಉಲ್ಲೇಖಗಳನ್ನು ಬಿ. ಎಸ್. ಶೈಲಜಾ ಮತ್ತು ಗೀತಾ ಕೈದಾಳ ಅವರು ಒಟ್ಟುಗೂಡಿಸಿ ಪರಿಶೀಲಿಸಿರುವುದು ಉಪಯುಕ್ತವಾದ ಕೆಲಸ. ಅದೇ ಶ್ರದ್ಧೆಯಿಂದ ಶಕುನಗ್ರಂಥಗಳ ಹಸ್ತಪ್ರತಿಗಳನ್ನು ಓದುವವರು ಬೇಕಾಗಿದ್ದಾರೆ.

ಚಿತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಅಮೆರಿಕದ ಚಾಕೊ ಕಣಿವೆಯ ಬಂಡೆಯೊಂದರ ಮೇಲೆ ಚಂದ್ರರೇಖೆ, ನಕ್ಷತ್ರ ಮತ್ತು ಹಸ್ತದ ಚಿತ್ರವಿದೆ. ಅದು ೧೦೫೪ರ ಜುಲೈನಲ್ಲಿ ಕ್ಷೀಣಚಂದ್ರನು ಹೊಸ ನಕ್ಷತ್ರದ ಬಳಿ ಬಂದುದರ ಚಿತ್ರವೆಂದು ಹೇಳಲಾಗಿದೆ. ಕಾಶ್ಮೀರದ ಬುರ್ಜಹೋಮಿನಲ್ಲಿ ದೊರೆತ ಕಲ್ಲಿನ ಮೇಲೆ ಬೇಟೆಯ ದೃಶ್ಯವೂ ಎರಡು ಪ್ರಭಾಮಂಡಲಗಳೂ ಇವೆ. ಅವುಗಳಲ್ಲಿ ಒಂದು ಎಚ್‌ಬಿ ೯ ಎಂಬ ಅವಶೇಷಕ್ಕೆ ಕಾರಣವಾದ ಸೂಪರ್‌ನೋವಾ ಇರಬಹುದೆಂದು ಜೋಗಳೇಕರ್, ಸುಳೆ ಮತ್ತು ವಾಹಿಯಾ ಅವರು ಸೂಚಿಸಿದ್ದಾರೆ. ಸೂಚನೆಯು ಸ್ವಾರಸ್ಯವಾಗಿದೆ. ಆದರೆ ಎರಡು ಚಿತ್ರಗಳ ಮೇಲೂ ತಾರೀಖಿಲ್ಲ, ಲಿಪಿಯಿಲ್ಲ. ಅವಶೇಷದ ವಯಸ್ಸಿನಲ್ಲಿ ಸಹಸ್ರಾರು ವರ್ಷಗಳ ಅನಿಶ್ಚಯವಿರುವಾಗ, ಚಿತ್ರದ ಅರ್ಥವೂ ಊಹೆಯಾಗಿರುವಾಗ, ಎರಡು ಊಹೆಗಳು ಒಂದಕ್ಕೊಂದು ಆಸರೆಯಾಗಿ ನಿಂತಂತೆ ಆಗುತ್ತದೆ. ಇದು ನಾವು 'ಆಗ್ನೇಯ'ದ ಸಂದರ್ಭದಲ್ಲಿ ಕಂಡ ವರ್ತುಲವೇ. ಅಲ್ಲಿ ವರ್ತುಲವನ್ನು ಒಡೆಯಲು ಹೊರಗಿನ ಅಳತೆಯೊಂದು ಬಂದಿತು. ಇಲ್ಲಿ ಅಂಥದು ಬರುವವರೆಗೆ ಇದನ್ನು ಸಾಧ್ಯತೆಯೆಂದು ಕರೆಯಬಹುದೇ ಹೊರತು ದಾಖಲೆಯೆಂದು ಕರೆಯಲಾಗದು. ದೇಶಾಭಿಮಾನವು ಸಾಧ್ಯತೆಯನ್ನು ದಾಖಲೆಯನ್ನಾಗಿ ಮಾಡಲಾರದು.

೭

ಇಷ್ಟು ಚರ್ಚೆಯಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ದಾಖಲೆಯ ಪಾಠವನ್ನು ಮೊದಲು ಅವಶೇಷದ ಕಡೆ ನೋಡದೆ ನಿರ್ಣಯಿಸಬೇಕು; ಅದರ ಲೇಖಕ, ಕಾಲ, ಉದ್ದೇಶ, ಪ್ರತಿಪರಂಪರೆಗಳನ್ನು ಹೇಳಬೇಕು. ತಿದ್ದುಪಡಿ ಮಾಡಿದ್ದರೆ ಅದನ್ನು ಬಹಿರಂಗವಾಗಿ ಹೇಳಿ, ಆ ತಿದ್ದುಪಡಿಗೆ ಕಾರಣವಾದ ಸಂಗತಿಯನ್ನು ಮತ್ತೆ ಪುಷ್ಟಿಯೆಂದು ಎಣಿಸಬಾರದು. ಕೊನೆಯದಾಗಿ, ಮೌನವನ್ನು ವಾದಕ್ಕೆ ಬಳಸುವ ಮೊದಲು ಆ ಸಾಕ್ಷಿಯು ಕಂಡಿರಬಲ್ಲವನೆ, ಕಂಡಿದ್ದರೆ ಬರೆಯುವವನೆ, ಬರೆದಿದ್ದರೆ ಅದು ಉಳಿಯುವಂಥದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕೊಡಬೇಕು. ದೂರದರ್ಶಕಕ್ಕೂ ಇವೇ ಪ್ರಶ್ನೆಗಳು ಅನ್ವಯಿಸುತ್ತವೆ.

ನಮ್ಮ ಆಕಾಶಗಂಗೆಯಲ್ಲಿ ಒಂದು ಶತಮಾನಕ್ಕೆ ಎರಡರಂತೆ ನಕ್ಷತ್ರಗಳು ಸಿಡಿಯುತ್ತವೆಂದು ಭೌತವಿಜ್ಞಾನಿಗಳು ಅಂದಾಜು ಮಾಡುತ್ತಾರೆ. ಕಳೆದ ಸಾವಿರ ವರ್ಷಗಳಲ್ಲಿ ಸುಮಾರು ಇಪ್ಪತ್ತು ಸಿಡಿದಿರಬೇಕು. ಮನುಷ್ಯನು ನಿಸ್ಸಂದೇಹವಾಗಿ ಬರೆದಿಟ್ಟುದು ಐದನ್ನು. ಈ ಐದರ ಬೆಲೆಯು ಬಹಳ ದೊಡ್ಡದು; ಆದುದರಿಂದಲೇ ಅವುಗಳ ಮೇಲೆ ಅವು ಹೊರಲಾರದ ಭಾರವನ್ನು ಹೇರಬಾರದು. ಖಭೌತವಿಜ್ಞಾನದ ಗೋಷ್ಠಿಗೆ ಚರಿತ್ರೆಯ ವಿಭಾಗದಿಂದ ಒಬ್ಬರು ಹೋಗಿ ಕುಳಿತುಕೊಳ್ಳುವುದೂ, ಶಾಸನಪಾಠದ ತರಗತಿಗೆ ಭೌತವಿಜ್ಞಾನದ ವಿದ್ಯಾರ್ಥಿಯೊಬ್ಬನು ಬರುವುದೂ ನಮ್ಮ ಕಾಲೇಜುಗಳಲ್ಲಿ ಅಸಾಧ್ಯವಾದ ಏರ್ಪಾಡಲ್ಲ. ೧೯೪೨ರ ಆ ಜೋಡಿ ಲೇಖನಗಳನ್ನು ಎರಡು ವಿಭಾಗಗಳ ವಿದ್ಯಾರ್ಥಿಗಳೂ ಒಟ್ಟಿಗೆ ಓದುವುದರಿಂದ ಇದನ್ನು ಪ್ರಾರಂಭಿಸಬಹುದೆಂದು ನಾವು ಸೂಚಿಸುತ್ತೇವೆ.